ಲಾರಿ ಕಾರುಗಳ ಯಂತ್ರಭಾಗಗಳೂ ವಿದ್ಯುದ್ಭಾಗಗಳೂ

ಮೂಡಬಿದಿರೆಯ ಸಮೀಪದ ಬಡಗಮಿಜಾರು, ತೆಂಕಮಿಜಾರು ಗ್ರಾಮಗಳಲ್ಲಿ ಅಡಿಕೆ, ರಬ್ಬರು, ಗೊಬ್ಬರಗಳ ಸಾಗಾಟಕ್ಕಾಗಿ ಜೀಪನ್ನೋ ಪಿಕಪ್ಪನ್ನೋ ಚಿಕ್ಕ ಲಾರಿಯನ್ನೋ ಇರಿಸಿಕೊಂಡ ಭೂಮಾಲಕರು ಅನೇಕರಿರುವರು. ಹಳೆಯ ಗಾಡಿಯಲ್ಲಿ ಕರೆಂಟಿನ ತಾಪತ್ರಯವಿಲ್ಲ, ಹೊಸದರಲ್ಲಿ ಎಲ್ಲವೂ ಕರೆಂಟೇ ಎಂದು ಇವರಲ್ಲಿ ಒಂದು ಮಾತುಂಟು. ಈ ಮಾತು ಅರ್ಧ ಸತ್ಯವಾಗಿದೆ. ಉಳಿದರ್ಧವನ್ನು ತಿಳಿಯದವರು ಸಹಸ್ರಾರು ರೂಪಾಯಿಗಳನ್ನು ವ್ಯರ್ಥವಾಗಿ ಕಳೆದುಕೊಳ್ಳುವ ಸಂಭವವಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಿದೆ.

ಮೋಟಾರಿಗೆ ವಿದ್ಯುತ್ತು ಹೊಸತಲ್ಲ. ಕೈಯಿಂದ ಹ್ಯಾಂಡಲು ತಿರುಗಿಸುವ ಕಷ್ಟವನ್ನು ನೀಗಿಸಿದ ವಿದ್ಯುತ್ ಸ್ಟಾರ್ಟರು ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1912ರಲ್ಲಿಯೇ ಬಂದಿತು. ಪೆಟ್ರೋಲು ಇಂಜಿನಿಗೆ ಕಿಡಿ ಬೇಕು. ಡೀಸೆಲಿಗಾದರೋ ಕಿಡಿ ಬೇಡ. ಒತ್ತಲ್ಪಟ್ಟ ಗಾಳಿಯ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಕಂಪೆನಿಯು ತಯಾರಿಸಿದಂತಹ ಹಳೆಯ ಪಂಪುಗಳು ಇಂಜಿನಿನ ಹಲ್ಲುಚಕ್ರದಿಂದಲೇ ತಿರುಗಿ ಎಣ್ಣೆಯನ್ನು ಅಳೆದು ಕೊಡುವುವು. ಇಂತಹ ಜೀಪಿನ ಬೇಟರಿ ಸತ್ತರೂ ಗುಡ್ಡದ ಇಳಿಜಾರಿನಲ್ಲಿ ಉರುಳಬಿಟ್ಟು, ಗೇರು ಹಾಕಿ ಕ್ಲಚ್ಚು ಬಿಟ್ಟರೆ ಇಂಜಿನು ಸಾಮಾನ್ಯವಾಗಿ ಚಾಲೂ ಆಗುವುದು.

1-4-2020ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಡೀಸೆಲ್ ವಾಹನಗಳ ರೀತಿಯೇ ಬೇರೆ. ಎಣ್ಣೆ ಎಷ್ಟು, ಯಾವ ಕ್ಷಣದಲ್ಲಿ ಎಂಬುದನ್ನು ನಿಶ್ಚಯಿಸುವುದು ಕಂಪ್ಯೂಟರ್ ಪೆಟ್ಟಿಗೆ. ಇಂಜೆಕ್ಟರು ತೆರೆಯುವುದು ವಿದ್ಯುತ್ತಿನ ಅಪ್ಪಣೆಯಿಂದ. ಆ ಪೆಟ್ಟಿಗೆಗೆ ತಕ್ಕಷ್ಟು ವಿದ್ಯುತ್ತು ಸಿಕ್ಕದಿದ್ದರೆ ವಾಹನವನ್ನು ಗುಡ್ಡದ ಬುಡದವರೆಗೆ ಉರುಳಿಸಿದರೂ ಫಲವಿಲ್ಲ.

ಯಂತ್ರಭಾಗವು ಕೆಡುವಾಗ ಸಾಮಾನ್ಯವಾಗಿ ಮುಂಚೆಯೇ ತಿಳಿಸುವುದು. ಕ್ಲಚ್ಚು ಏರಿನಲ್ಲಿ ಜಾರುವುದು, ಬೇರಿಂಗು ಗುಂಯ್ಗುಡುವುದು, ಬ್ರೇಕು ಕಿರುಚುವುದು. ವಿದ್ಯುದ್ಭಾಗವು ಹೀಗಲ್ಲ, ನಿನ್ನೆ ಸರಿಯಿದ್ದುದು ಇಂದು ನಿಲ್ಲುವುದು. ಆದರೆ ನಿಂತಿತೆಂದಾಕ್ಷಣ ಬೆಲೆಬಾಳುವ ಭಾಗವೇ ಕೆಟ್ಟಿತೆಂದು ತಿಳಿಯಲಾಗದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ದೋಷವು ಹೆಚ್ಚಾಗಿ ತಂತಿಯ ಕೀಲುಗಳಲ್ಲಿ, ಹಸಿರು ಕಿಲುಬು ಹಿಡಿದ ಸಂದುಗಳಲ್ಲಿ, ಇಂಜಿನಿನಿಂದ ಚಾಸಿಗೆ ಹೋಗುವ ಅರ್ತಿಂಗ್ ಪಟ್ಟಿಯಲ್ಲಿರುವುದು. ಒಂದು ಲೆಕ್ಕವನ್ನು ನೋಡಿರಿ. ಸ್ಟಾರ್ಟರು 300 ಆಂಪಿಯರು ಎಳೆಯುತ್ತಿರುವಾಗ ತುಕ್ಕು ಹಿಡಿದ ಸಂದಿನಲ್ಲಿ ಓಮಿನ ನೂರನೆಯ ಒಂದಂಶದಷ್ಟೇ ತಡೆಯಿದ್ದರೂ 12 ವೋಲ್ಟಿನ ಬೇಟರಿಯಲ್ಲಿ 3 ವೋಲ್ಟು ಅಲ್ಲಿಯೇ ನಷ್ಟವಾಗುವುದು. ಸ್ಟಾರ್ಟರು ನರಳುವುದು, ಪೆಟ್ಟಿಗೆಯು ಮಂಕಾಗುವುದು. ಮಾಲಕನು ಹೊಸ ಬೇಟರಿಯನ್ನೋ ಹೊಸ ಸ್ಟಾರ್ಟರನ್ನೋ ಕೊಂಡು ತರುವನು. ಬೇಕಾಗಿದ್ದುದು ಮರಳುಕಾಗದದ ಒಂದು ತುಂಡು, ಸ್ಪಾನರು ಮತ್ತು ಸ್ವಲ್ಪ ವ್ಯಾಸಲೀನು!

ಆದುದರಿಂದ ಮಳೆಗಾಲ ಹಿಡಿಯುವ ಮುನ್ನ ಬೇಟರಿಯ ಎರಡು ತುದಿಗಳನ್ನೂ ಅರ್ತಿಂಗ್ ಪಟ್ಟಿಯನ್ನೂ ಬಿಚ್ಚಿ, ಉಜ್ಜಿ, ಬಿಗಿಮಾಡತಕ್ಕದ್ದು. ಆಟಿ ತಿಂಗಳಲ್ಲಿ ಬೆಚ್ಚಗಿರುವ ಇಂಜಿನಿನೊಳಗೆ ಇಲಿ ಸೇರಿ ತಂತಿ ಕಡಿಯುವುದುಂಟು; ಬಾನೆಟ್ಟು ತೆರೆದು ನೋಡದೆ ಬಹಳ ದಿನ ನಿಲ್ಲಿಸಬಾರದು. ಕೆಸರು ತೊಳೆಯುವಾಗ ನೀರಿನ ರಭಸವನ್ನು ತಂತಿಗಳ ಕೀಲುಗಳಿಗೆ ಹಿಡಿಯಬಾರದು.

ಡೈನಮೋ ಕಾಲದಿಂದ ಬಂದ ಒಂದು ಅಭ್ಯಾಸವನ್ನು ಮಾತ್ರ ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಇಂಜಿನು ತಿರುಗುತ್ತಿರುವಾಗಲೇ ಬೇಟರಿಯ ತಂತಿ ಕಿತ್ತು, ಇಂಜಿನು ನಿಂತಿತೇ ಇಲ್ಲವೇ ಎಂದು ಪರೀಕ್ಷಿಸುವವರು ಇನ್ನೂ ಇದ್ದಾರೆ. ಈಗಿನ ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ ವೋಲ್ಟೇಜು ಒಮ್ಮೆಲೆ ಜಿಗಿದು, ಅದರ ಡಯೋಡುಗಳನ್ನೂ ಕಂಪ್ಯೂಟರ್ ಪೆಟ್ಟಿಗೆಯನ್ನೂ ಸುಡಬಹುದು. ಲಾರಿಯ ಬಾಡಿಗೆ ವೆಲ್ಡಿಂಗು ಮಾಡಿಸುವಾಗಲೂ ಇದೇ ಅಪಾಯವುಂಟು. ಮೊದಲೇ ಬೇಟರಿಯ ಸಂಪರ್ಕ ಬಿಡಿಸಿ, ವೆಲ್ಡಿಂಗಿನ ಅರ್ತ್ ಹಿಡಿಕೆಯನ್ನು ಬೆಸೆಯುವ ಸ್ಥಳದ ಪಕ್ಕದಲ್ಲಿಯೇ ಹಾಕಿಸತಕ್ಕದ್ದು. ಇಲ್ಲವಾದರೆ ವೆಲ್ಡಿಂಗಿನ ಕರೆಂಟು ತನಗೆ ಸಿಕ್ಕಿದ ದಾರಿ ಹಿಡಿಯುವುದು.

ಹಳೆಯ ವಾಹನವಾಗಲಿ ಹೊಸತಾಗಲಿ, ಇನ್ನೊಬ್ಬರು ಬಳಸಿದುದನ್ನು ಕೊಳ್ಳುವವರು ಅದನ್ನು ಒಂದು ರಾತ್ರಿ ಮಳೆಯಲ್ಲಿ ನಿಲ್ಲಿಸಿ, ಬೆಳಗ್ಗೆ ತಣ್ಣಗಿರುವಾಗ ತಾವೇ ಚಾಲೂ ಮಾಡಿ, ದೀಪ, ವೈಪರು, ಹಾರ್ನುಗಳನ್ನು ಒಟ್ಟಿಗೆ ಹಾಕಿ ನೋಡತಕ್ಕದ್ದು. ಮಾರುವವರು ಇದಕ್ಕೊಪ್ಪದಿದ್ದರೆ ಬೇರೆ ವಾಹನವನ್ನು ಹುಡುಕುವುದು ಲೇಸು.