ಝಿಕಾ: ಗರ್ಭಿಣಿಯರ ಆರೈಕೆಯೇ ಮೊದಲ ಆದ್ಯತೆ

1947ರಲ್ಲಿ ಉಗಾಂಡಾದ ಝಿಕಾ ಅರಣ್ಯದ ಕೋತಿಯೊಂದರಲ್ಲಿ ಮೊದಲು ಪತ್ತೆಯಾದ ಝಿಕಾ ವೈರಸ್, 2015ರಲ್ಲಿ ಬ್ರೆಜಿಲ್‌ನಲ್ಲಿ ವ್ಯಾಪಕವಾಗಿ ಹರಡಿ, ಮೈಕ್ರೋಸೆಫಲಿ, ಅಂದರೆ ಮೆದುಳು ಸರಿಯಾಗಿ ಬೆಳೆಯದೆ ತಲೆ ಚಿಕ್ಕದಾಗಿರುವ ಸ್ಥಿತಿಯಲ್ಲಿ ಅನೇಕ ಶಿಶುಗಳು ಜನಿಸಿದಾಗ ಜಗತ್ತಿನ ಗಮನ ಸೆಳೆಯಿತು. ಕರ್ನಾಟಕದಲ್ಲಿ ಇದರ ಮೊದಲ ಪ್ರಕರಣ 2022ರ ಡಿಸೆಂಬರ್‌ನಲ್ಲಿ ರಾಯಚೂರು ಜಿಲ್ಲೆಯಿಂದ ವರದಿಯಾಯಿತು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ಸೋಂಕಿತರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣದು. ಕಂಡರೂ ಸಣ್ಣ ಜ್ವರ, ದದ್ದು, ಕೀಲುನೋವು, ಕಣ್ಣು ಕೆಂಪಾಗುವಿಕೆಯಷ್ಟೇ ಇದ್ದು ಡೆಂಗಿಯನ್ನೇ ಹೋಲುವುದರಿಂದ, ವೈದ್ಯರು ಡೆಂಗಿಯಲ್ಲವೆಂದು ಖಚಿತವಾಗುವವರೆಗೆ ರಕ್ತಸ್ರಾವದ ಅಪಾಯವಿರುವ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ಕೊಡದೆ, ಪ್ಯಾರಾಸಿಟಮಾಲ್, ವಿಶ್ರಾಂತಿ ಮತ್ತು ಸಾಕಷ್ಟು ದ್ರವಾಹಾರವನ್ನು ಸೂಚಿಸುವುದು ಅಗತ್ಯ. ಈ ಸೋಂಕಿಗೆ ನಿರ್ದಿಷ್ಟ ಔಷಧವಾಗಲಿ, ಬಳಕೆಗೆ ಅನುಮೋದನೆ ಪಡೆದ ಲಸಿಕೆಯಾಗಲಿ ಇಲ್ಲ.

ಆರೈಕೆಯ ನಿಜವಾದ ಹೊಣೆಯಿರುವುದು ಗರ್ಭಿಣಿಯರ ವಿಷಯದಲ್ಲಿ. ಸೋಂಕಿನ ಪ್ರದೇಶಕ್ಕೆ ಹೋಗಿಬಂದಿರುವ ಕುರಿತು ಪ್ರತಿ ತಪಾಸಣೆಯಲ್ಲೂ ವಿಚಾರಿಸಿ, ಶಂಕೆಯಿದ್ದರೆ ರಕ್ತ ಮತ್ತು ಮೂತ್ರದ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ, ಸೋಂಕು ದೃಢಪಟ್ಟವರ ಭ್ರೂಣದ ಬೆಳವಣಿಗೆಯನ್ನು ಅಲ್ಟ್ರಾಸೌಂಡ್ ಮೂಲಕ ಮತ್ತೆಮತ್ತೆ ಗಮನಿಸಬೇಕು. ಹೆಚ್ಚಿನವರು ಅರಿಯದ ಇನ್ನೊಂದು ಸಂಗತಿಯೆಂದರೆ, ಝಿಕಾ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ವೀರ್ಯದಲ್ಲಿ ವೈರಸ್ ದೀರ್ಘಕಾಲ ಉಳಿಯಬಲ್ಲದಾದ್ದರಿಂದ ಸೋಂಕು ತಗುಲಿದ ಅಥವಾ ಸೋಂಕಿನ ಪ್ರದೇಶಕ್ಕೆ ಹೋಗಿಬಂದ ಬಳಿಕ ಪುರುಷರು 3 ತಿಂಗಳು, ಮಹಿಳೆಯರು 2 ತಿಂಗಳು ಕಾಂಡೋಮ್ ಬಳಸಬೇಕು ಅಥವಾ ಸಂಯಮ ಪಾಲಿಸಬೇಕು. ಪತ್ನಿ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೂ ಈ ಎಚ್ಚರಿಕೆ ಮುಂದುವರಿಯಬೇಕು. ಸಂಕೋಚದಿಂದ ಈ ಮಾತನ್ನು ವೈದ್ಯರು ತಪ್ಪಿಸಬಾರದು, ದಂಪತಿಗಳೂ ಕೇಳಲು ಹಿಂಜರಿಯಬಾರದು.