ಮೂಡಣ ಬಾಗಿಲಿನ ಎಲುಬುಗಳು

ಚಿತ್ರದುರ್ಗ ನೋಡಿದ ಕಣ್ಣಿಗೆ ಮೇಡನ್ ಕ್ಯಾಸಲ್ ಕೋಟೆಯೆಂದೇ ಅನ್ನಿಸದು. ಕಲ್ಲಿನ ಗೋಡೆಯಿಲ್ಲ, ಬತೇರಿಯಿಲ್ಲ. ಇಂಗ್ಲೆಂಡಿನ ದಕ್ಷಿಣದಲ್ಲಿ, ಡಾರ್ಚೆಸ್ಟರ್ ಪಟ್ಟಣದ ಹೊರಗಿರುವ ಹುಲ್ಲುಗುಡ್ಡ. ಅದರ ಸುತ್ತ ಸಾಲು ಸಾಲು ಮಣ್ಣಿನ ಏರಿ, ನಡುನಡುವೆ ಕಂದಕ. ಕ್ರಿ.ಪೂ. 600ರ ಸುಮಾರಿಗೆ 6 ಹೆಕ್ಟೇರಿನಷ್ಟಿದ್ದ ಈ ಊರು ಮುಂದಿನ ಒಂದೂವರೆ ಶತಮಾನದಲ್ಲಿ 19 ಹೆಕ್ಟೇರಿಗೆ ಹಬ್ಬಿತು. ಒಳಗೆ ದುಂಡು ಗುಡಿಸಲುಗಳು, ಧಾನ್ಯ ತುಂಬುವ ಹಗೇವುಗಳು.

1934ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಮತ್ತು ಅವರ ಪತ್ನಿ ಟೆಸ್ಸಾ ಇಲ್ಲಿ ಉತ್ಖನನಕ್ಕೆ ಇಳಿದರು. ಚೌಕ ಚೌಕವಾಗಿ ಗುಂಡಿ ತೋಡಿ, ನಡುವೆ ಮಣ್ಣಿನ ಗೋಡೆ ಉಳಿಸಿ, ಅದರ ಮೈಯಲ್ಲಿ ಕಾಲದ ಪದರಗಳನ್ನು ಗುರುತಿಸುವ ಪದ್ಧತಿ ಅವರದು. ಟೆಸ್ಸಾ 1936ರಲ್ಲಿ ತೀರಿಕೊಂಡರು. ಅವರ ಪಾಲಿನ ಶ್ರೇಯಸ್ಸೂ ಬಹುಮಟ್ಟಿಗೆ ಗಂಡನ ಖಾತೆಗೇ ಜಮೆಯಾಗಿದೆ.

ಮೂಡಣ ಬಾಗಿಲ ಬಳಿ ಸಾವಿರಾರು ಕವಣೆಕಲ್ಲುಗಳ ರಾಶಿ ಸಿಕ್ಕಿತು. ಅಲ್ಲೇ 52 ಜನರ ಅಸ್ಥಿಗಳು. ಕೆಲವರ ತಲೆಬುರುಡೆಯಲ್ಲಿ ಕತ್ತಿಯ ಗಾಯ, ಒಬ್ಬನ ಬೆನ್ನುಮೂಳೆಯಲ್ಲಿ ನೆಟ್ಟ ಕಬ್ಬಿಣದ ಮೊನೆ. ಮೊದಲ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ವ್ಹೀಲರ್‌ಗೆ ಕಂಡದ್ದು ಕದನ. ಕ್ರಿ.ಶ. 43ರಲ್ಲಿ ವೆಸ್ಪೇಸಿಯನ್ನನ ರೋಮನ್ ಪಡೆ ಏರಿಬಂತು, ಗುಡಿಸಲು ಸುಟ್ಟಿತು, ಉಳಿದವರು ರಾತ್ರೋರಾತ್ರಿ ತಮ್ಮವರನ್ನು ಹೂತರು ಎಂದು ಬರೆದರು. 1943ರಲ್ಲಿ, ಇಂಗ್ಲೆಂಡೇ ಯುದ್ಧದಲ್ಲಿದ್ದಾಗ ಹೊರಬಂದ ವರದಿಯ ಈ ಭಾಗ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಆ ಗುಣವೇ ಅನುಮಾನ ಹುಟ್ಟಿಸಬೇಕಿತ್ತು. ವೆಸ್ಪೇಸಿಯನ್ ಇಪ್ಪತ್ತಕ್ಕೂ ಹೆಚ್ಚು ನೆಲೆಗಳನ್ನು ಗೆದ್ದನೆಂದು ರೋಮನ್ ಚರಿತ್ರೆಕಾರ ಸೂಟೋನಿಯಸ್ ಹೇಳುತ್ತಾನೆಯೇ ಹೊರತು ಈ ಗುಡ್ಡದ ಹೆಸರೆತ್ತುವುದಿಲ್ಲ. ಕೆಲವು ಗೋರಿಗಳಲ್ಲಂತೂ ಮಡಕೆ, ಕುರಿಮಾಂಸದ ತುಂಡು ಇಟ್ಟಿದ್ದರು; ಪ್ರಾಣಭಯದಲ್ಲಿ ಹೂಳುವವರಿಗೆ ಅಷ್ಟು ವ್ಯವಧಾನವೆಲ್ಲಿ?

1985-86ರಲ್ಲಿ ಪುರಾತತ್ತ್ವಜ್ಞ ನಯಲ್ ಶಾರ್ಪಲ್ಸ್ ಮತ್ತೆ ಅಗೆದಾಗ, ರೋಮನ್ನರು ಬರುವ ಹೊತ್ತಿಗೆ ಕೋಟೆಯ ಬಹುಭಾಗ ಪಾಳುಬಿದ್ದಿತ್ತೆಂಬುದು ತಿಳಿಯಿತು. 2025ರಲ್ಲಿ ಬೋರ್ನ್‌ಮತ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ರೇಡಿಯೊಕಾರ್ಬನ್ ಕಾಲಗಣನೆ ಕಥೆಯನ್ನೇ ಮುರಿಯಿತು. ಗಾಯಗಳೇನೋ ನಿಜ. ಆದರೆ ಅವರೆಲ್ಲ ಒಂದೇ ದಿನ ಸತ್ತವರಲ್ಲ; ಕ್ರಿಸ್ತಪೂರ್ವದ ಕೊನೆಯಿಂದ ಕ್ರಿಸ್ತಶಕದ ಆರಂಭದವರೆಗೆ, ತಲೆಮಾರುಗಳ ಅಂತರದಲ್ಲಿ ಸತ್ತವರು. ಸ್ಥಳೀಯರ ಒಳಜಗಳವೇ ಕಾರಣವಿರಬೇಕೆಂಬುದು ಆ ತಂಡದ ಊಹೆ.

1944ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮುಖ್ಯಸ್ಥರಾಗಿ ಬಂದ ವ್ಹೀಲರ್ ಪದ್ಧತಿಯನ್ನೂ ಕಥನದ ಚಪಲವನ್ನೂ ಜೊತೆಗೇ ತಂದರು. 1947ರಲ್ಲಿ ಮೊಳಕಾಲ್ಮೂರು ಬಳಿಯ ಬ್ರಹ್ಮಗಿರಿಯಲ್ಲಿ ಪದರ ಬಿಡಿಸಿ ನೋಡುವ ಆ ಶಿಸ್ತು ದಕ್ಷಿಣ ಭಾರತದ ಪ್ರಾಕ್ತನ ಕಾಲಾನುಕ್ರಮಕ್ಕೆ ನೆಲಗಟ್ಟು ಹಾಕಿತು. ಅದೇ ವರ್ಷ ಮೊಹೆಂಜೊದಾರೊದ ಅಸ್ಥಿಪಂಜರಗಳನ್ನು ತೋರಿಸಿ, ಋಗ್ವೇದದ ಇಂದ್ರನನ್ನೇ ಹತ್ಯಾಕಾಂಡದ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಿದರು. ಅಲ್ಲಿಯೂ ಹತ್ಯಾಕಾಂಡ ನಡೆದಿರಲಿಲ್ಲವೆಂದು 1964ರಲ್ಲಿ ಪುರಾತತ್ತ್ವಜ್ಞ ಜಾರ್ಜ್ ಡೇಲ್ಸ್ ವಾದಿಸಿದರು: ಕಾದಾಡಿ ಕಾಯಬೇಕಿದ್ದ ಕೋಟೆಯ ಭಾಗದಲ್ಲಿ ಒಂದು ಹೆಣವೂ ಸಿಕ್ಕಿರಲಿಲ್ಲ.