ಮೂತ್ರಪಿಂಡವೂ ಮೂಳೆಯೂ

ಮೂತ್ರಪಿಂಡದ ರೋಗವೆಂದರೆ ಮುಖ ಕಾಲುಗಳು ಬಾತುಕೊಳ್ಳುವುದು, ಮೂತ್ರ ಕಡಮೆಯಾಗುವುದು, ರಕ್ತದ ಒತ್ತಡ ಏರುವುದು, ಇವೇ ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರತಕ್ಕ ಲಕ್ಷಣಗಳು. ಆ ರೋಗಿಯ ಮೂಳೆಗಳು ನೋಯುವುವೆಂದೂ, ಸ್ವಲ್ಪ ಎಡವಿ ಬಿದ್ದರೂ ಮುರಿಯಬಹುದೆಂದೂ ಹೇಳಿದರೆ, ಸೊಂಟದ ಮೇಲಣ ಆ ಎರಡು ಪಿಂಡಗಳಿಗೂ ಕಾಲೆಲುಬಿಗೂ ಏನು ನಂಟು ಎಂದು ಕೇಳುವವರೇ ಹೆಚ್ಚು. ಹಾಗೆ ಕೇಳುವುದು ತಪ್ಪಲ್ಲ. ಈ ನಂಟು ವೈದ್ಯರಿಗೂ ಸುಲಭವಾಗಿ ಹೊಳೆಯಲಿಲ್ಲ. 1883ರಲ್ಲಿ ಲಂಡನ್ನಿನ ಶಸ್ತ್ರವೈದ್ಯರಾದ ಕ್ಲೆಮೆಂಟ್ ಲೂಕಸ್ ಎಂಬವರು, ಹರೆಯದ ಕೆಲವರಲ್ಲಿ ಎಲುಬು ಬಾಗುವುದನ್ನೂ ಅವರ ಮೂತ್ರದಲ್ಲಿ ಆಲ್ಬುಮಿನ್ ಹೋಗುವುದನ್ನೂ ಒಟ್ಟಾಗಿ ಕಂಡು ಬರೆದಿಟ್ಟರು. ಎರಡೂ ಜೊತೆಯಾಗಿ ಇರುವುದುಂಟು ಎಂಬುದಕ್ಕಿಂತ ಹೆಚ್ಚಾಗಿ ಆಗ ಹೇಳುವಂತಿರಲಿಲ್ಲ.

ಮೂತ್ರಪಿಂಡವನ್ನು ಬರಿಯ ಬಚ್ಚಲೆಂದು ಭಾವಿಸಿದವರಿಗೆ ಈ ವಿಷಯ ತಿಳಿಯಲಾರದು. ಅವೆರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು ಉಳಿದುದನ್ನೆಲ್ಲ ಒಳಕ್ಕೆ ತೆಗೆದುಕೊಳ್ಳುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕಳೆಯಬೇಕು ಎಂಬ ಲೆಕ್ಕವೇ ಅವುಗಳ ಮುಖ್ಯ ಕೆಲಸ. ಕಳೆಯಬೇಕಾದವುಗಳಲ್ಲಿ ರಂಜಕ, ಎಂದರೆ ಫಾಸ್ಫರಸ್, ಒಂದು. ನಾವು ತಿನ್ನುವ ಬೇಳೆ, ಹಾಲು, ಧಾನ್ಯಗಳೆಲ್ಲದರಲ್ಲಿಯೂ ಅದು ಇದೆ. ದೇಹದ ರಂಜಕದಲ್ಲಿ ನೂರಕ್ಕೆ 85ರಷ್ಟೂ, ಸುಣ್ಣದಲ್ಲಿ 99ರಷ್ಟೂ ಮೂಳೆಯಲ್ಲಿಯೇ ಸೇರಿಕೊಂಡಿರುವುದರಿಂದ, ಈ ಲೆಕ್ಕದಲ್ಲಿ ತಪ್ಪು ಬಂದರೆ ತೆರಬೇಕಾದುದು ಮೂಳೆಯೇ.

ಈ ವ್ಯವಹಾರದಲ್ಲಿ ನಡುವೆ ನಿಂತಿರುವುದು ಕೊರಳಿನ ಥೈರಾಯ್ಡಿನ ಹಿಂಬದಿಯಲ್ಲಿ ಅಂಟಿಕೊಂಡಿರುವ ನಾಲ್ಕು ಸಣ್ಣ ಗ್ರಂಥಿಗಳು. ಇವುಗಳಿಗೆ ಪ್ಯಾರಾಥೈರಾಯ್ಡ್ ಎಂದು ಹೆಸರು. (ಇವುಗಳನ್ನು ಮೊದಲು ಗುರುತಿಸಿದವರು ರಿಚರ್ಡ್ ಓವೆನ್, ಮನುಷ್ಯನಲ್ಲಲ್ಲ, 1849ರಲ್ಲಿ ಲಂಡನ್ನಿನ ಮೃಗಶಾಲೆಯಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ!) ರಕ್ತದಲ್ಲಿ ಸುಣ್ಣ ಕಡಮೆಯಾದೊಡನೆ ಈ ಗ್ರಂಥಿಗಳು ಒಂದು ರಸವನ್ನು ಸುರಿಸಿ ಮೂಳೆಯಿಂದ ಸುಣ್ಣವನ್ನು ಎಳೆದು ತರುತ್ತವೆ. ನ್ಯೂಯಾರ್ಕಿನಲ್ಲಿ ಪಾಪನ್‌ಹೈಮರ್ ಎಂಬ ವಿದ್ವಾಂಸರು 1936ರಲ್ಲಿ ಇಲಿಗಳ ಮೂತ್ರಪಿಂಡದ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು ನೋಡಿದಾಗ, ಕೊರಳಿನ ಈ ಗ್ರಂಥಿಗಳು ಬೆಳೆದು ದೊಡ್ಡವಾಗಿದ್ದುದನ್ನೂ ಮೂಳೆಗಳು ಮಾರ್ಪಟ್ಟಿದ್ದುದನ್ನೂ ಕಂಡರು. ಅಲ್ಲಿಗೆ ನಂಟು ಇರುವುದು ಖಂಡಿತವಾಯಿತು.

ಹಾಗಾದರೆ ಗ್ರಂಥಿಗಳು ಕೆರಳುವುದೇಕೆ? ಇದಕ್ಕೆ ಉತ್ತರ ಕೊಟ್ಟ ಪ್ರಯೋಗಗಳಲ್ಲಿ ಸೇಂಟ್ ಲೂಯಿಸ್ ನಗರದ ಸ್ಲಾಟೊಪೋಲ್ಸ್ಕಿ, ಬ್ರಿಕರ್ ಮತ್ತವರ ಸಂಗಡಿಗರು 1971 ಮತ್ತು 1972ರಲ್ಲಿ ಪ್ರಕಟಿಸಿದವು ನನಗೆ ಬಹಳ ಮೆಚ್ಚಿಕೆಯಾದವು; ಅಷ್ಟು ಸರಳವಾದ ಯುಕ್ತಿ ಅದು. ನಾಯಿಗಳ ಮೂತ್ರಪಿಂಡದ ಶಕ್ತಿಯನ್ನು ಹಂತಹಂತವಾಗಿ ಇಳಿಸಿದರು. ಕೆಲವು ನಾಯಿಗಳಿಗೆ ಆಹಾರದ ರಂಜಕವನ್ನು ಮೊದಲಿನಷ್ಟೇ ಕೊಟ್ಟರು. ಬೇರೆ ಕೆಲವಕ್ಕೆ ಮೂತ್ರಪಿಂಡದ ಶಕ್ತಿ ಎಷ್ಟು ಇಳಿಯಿತೋ ಅದಕ್ಕೆ ಸರಿಯಾಗಿ ರಂಜಕವನ್ನೂ ಇಳಿಸಿದರು. ಮೊದಲನೆಯವುಗಳಲ್ಲಿ ಗ್ರಂಥಿಯ ರಸ ಏರುತ್ತ ಹೋಯಿತು, ಎರಡನೆಯವುಗಳಲ್ಲಿ ಏರಲಿಲ್ಲ. ಕೆರಳಿಕೆಗೆ ಒಂದು ಮುಖ್ಯ ಕಾರಣ ರಂಜಕವೆಂದು ಹೀಗೆ ತಿಳಿಯಿತು. ಬ್ರಿಕರ್ ಅವರು ಇದನ್ನು ಒಂದು ವಿನಿಮಯವೆಂದು ವಿವರಿಸಿದರು: ಸಾಲಗಾರನಾದ ಯಜಮಾನನು ಊರಿನಲ್ಲಿ ಮಾನ ಉಳಿಸಿಕೊಳ್ಳಲು ಮನೆಯ ಪಾತ್ರೆಪದಾರ್ಥಗಳನ್ನು ಒಂದೊಂದಾಗಿ ಮಾರುವಂತೆ, ದೇಹವು ರಕ್ತದ ರಂಜಕವನ್ನು ಸಮಸ್ಥಿತಿಯಲ್ಲಿಡಲು ಮೂಳೆಯನ್ನು ವ್ಯಯಮಾಡುತ್ತದೆ. ಹೋಲಿಕೆ ನನ್ನದು, ವಿಚಾರ ಅವರದು.

ಇದೇ ವೇಳೆಗೆ ಕೇಂಬ್ರಿಜ್ಜಿನಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಸೂರ್ಯನ ಬೆಳಕಿನಿಂದ ಚರ್ಮದಲ್ಲಿ ಹುಟ್ಟುವ ‘ಡಿ’ ಜೀವಸತ್ತ್ವವು ಹುಟ್ಟಿದ ರೂಪದಲ್ಲಿಯೇ ಕೆಲಸ ಮಾಡಲಾರದು. ಪಿತ್ತಜನಕಾಂಗದಲ್ಲಿ ಅದು ಒಮ್ಮೆ ಮಾರ್ಪಡಬೇಕು. ಎರಡನೆಯ, ಕೊನೆಯ ಮಾರ್ಪಾಟು ಎಲ್ಲಿ ಆಗುತ್ತದೆ? 1970ರಲ್ಲಿ ಫ್ರೇಸರ್ ಮತ್ತು ಕೋಡಿಚೆಕ್ ಎಂಬವರು ಮೂತ್ರಪಿಂಡಗಳನ್ನು ತೆಗೆದ ಇಲಿಗಳಲ್ಲಿ ಆ ಕೊನೆಯ ಪದಾರ್ಥವು ಉಂಟಾಗುವುದೇ ಇಲ್ಲವೆಂದು ತೋರಿಸಿದರು. ಬಚ್ಚಲೆಂದುಕೊಂಡುದು ಕಮ್ಮಟವೂ ಆಗಿತ್ತು. ಆ ಪದಾರ್ಥವಿಲ್ಲದೆ ಕರುಳು ಆಹಾರದ ಸುಣ್ಣವನ್ನು ಚೆನ್ನಾಗಿ ಹೀರಿಕೊಳ್ಳಲಾರದು. ಮೂತ್ರಪಿಂಡ ಕೆಟ್ಟವನು ಬಿಸಿಲಿನಲ್ಲಿ ನಿಂತರೂ ಹಾಲು ಕುಡಿದರೂ ಮೂಳೆಗೆ ಸಾಕಾದಷ್ಟು ಫಲ ದೊರೆಯದಿರುವುದಕ್ಕೆ ಇದೊಂದು ಕಾರಣ.

ಚಿಕಿತ್ಸೆಯೇ ರೋಗಕ್ಕೆ ಕಾರಣವಾದ ಒಂದು ದುಃಖದ ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಯಂತ್ರದಿಂದ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಪದ್ಧತಿ ಬಂದ ಮೇಲೆ, ಇಂಗ್ಲೆಂಡಿನ ನ್ಯೂಕ್ಯಾಸಲ್ ಪ್ರಾಂತದಲ್ಲಿ ಅನೇಕ ರೋಗಿಗಳ ಮೂಳೆ ಮೆತ್ತಗಾಗಿ ಮುರಿಯತೊಡಗಿತು. ಬದುಕಿಸಿದ ಯಂತ್ರದ ಜೊತೆಯಲ್ಲಿಯೇ ಈ ಕೇಡು ಬಂದಿತ್ತು. 1978ರಲ್ಲಿ ಅಲ್ಲಿಯ ವೈದ್ಯರು ದೋಷ ಯಂತ್ರದ ನೀರಿನಲ್ಲಿದೆಯೆಂದೂ, ಅದು ಬಹುಶಃ ಅಲ್ಯೂಮಿನಿಯಂ ಎಂದೂ ತೋರಿಸಿಕೊಟ್ಟರು. ಕರುಳಿನಲ್ಲಿ ರಂಜಕವನ್ನು ಹಿಡಿದಿಡಲೆಂದು ಕೊಡುತ್ತಿದ್ದ ಔಷಧಿಯಲ್ಲಿಯೂ ಅದೇ ಲೋಹವಿತ್ತು. ನೀರನ್ನು ಶುದ್ಧಿಮಾಡುವ ಕ್ರಮ ಬಂದ ಮೇಲೆ ಈ ರೋಗ ಬಹುಮಟ್ಟಿಗೆ ಅಡಗಿತು. ಮೂಳೆ ಬೆಳೆಯುತ್ತಿದೆಯೆ ನಿಂತಿದೆಯೆ ಎಂದು ತಿಳಿಯಲು ಟೆಟ್ರಾಸೈಕ್ಲಿನ್ ಔಷಧಿಯನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಕೊಟ್ಟು, ಮೂಳೆಯ ಚೂರನ್ನು ತೆಗೆದು ಅತಿನೇರಿಳೆ ಬೆಳಕಿನಲ್ಲಿ ನೋಡುತ್ತಾರೆ. ಹೊಳೆಯುವ ಎರಡು ಗೆರೆಗಳ ನಡುವಣ ದೂರವೇ ಬೆಳವಣಿಗೆಯ ಅಳತೆ.

ಇಷ್ಟಾದರೂ ಕಥೆ ಅರ್ಧವೇ. ಇಲ್ಲಿಯವರೆಗೆ ಮೂಳೆ ಏಟು ತಿನ್ನುವ ಪಾತ್ರವಾಗಿಯೇ ಉಳಿದಿತ್ತು. 2000ದಲ್ಲಿ ಎಫ್‌ಜಿಎಫ್ 23 ಎಂಬ ಪದಾರ್ಥ ಗೊತ್ತಾಯಿತು. ಅದನ್ನು ಮುಖ್ಯವಾಗಿ ತಯಾರಿಸುವುದು ಮೂಳೆಯ ಒಳಗೆ ಹುದುಗಿರುವ ಜೀವಕೋಶಗಳು. ಅದು ಹೋಗಿ ಮುಟ್ಟುವುದು ಮೂತ್ರಪಿಂಡಕ್ಕೆ. ‘ರಂಜಕವನ್ನು ಹೊರಗೆ ಹಾಕು, ಡಿ ಜೀವಸತ್ತ್ವದ ತಯಾರಿಕೆಯನ್ನು ತಗ್ಗಿಸು’ ಎಂಬುದೇ ಅದರ ಆಜ್ಞೆ. ಈ ಆಜ್ಞೆಯನ್ನು ಕೇಳಲು ಮೂತ್ರಪಿಂಡಕ್ಕೆ ಕ್ಲೋಥೋ ಎಂಬ ಇನ್ನೊಂದು ಪದಾರ್ಥ ಬೇಕೆಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ರೋಗದ ಆರಂಭದಲ್ಲಿ, ರಕ್ತದ ರಂಜಕ ಇನ್ನೂ ಸರಿಯಾಗಿರುವಾಗಲೇ, ಎಫ್‌ಜಿಎಫ್ 23 ಏರಿರುತ್ತದೆ. ಎಂದರೆ ಮೂಳೆಯು ಎಲ್ಲರಿಗಿಂತ ಮುಂಚೆ ಕೂಗಿಕೊಳ್ಳುತ್ತದೆ. ರಕ್ತದ ಸಾಮಾನ್ಯ ಪರೀಕ್ಷೆಗೆ ಆ ಕೂಗು ಕೇಳಿಸದು. ಇದೆಲ್ಲವೂ ಒಂದೇ ವ್ಯಾಧಿಯ ಅಂಗಗಳೆಂದು 2006ರಲ್ಲಿ ಅಂತರರಾಷ್ಟ್ರೀಯ ವೈದ್ಯಮಂಡಲಿಯೊಂದು ಅದಕ್ಕೆ ಹೊಸ ಹೆಸರನ್ನೂ ಇಟ್ಟಿತು.

ಬೇಳೆಯಲ್ಲಿ ರಂಜಕವಿದೆಯೆಂದು ಕೇಳಿ ಸಸ್ಯಾಹಾರಿಗಳು ಗಾಬರಿಪಡುವುದುಂಟು. ಕಾಳುಗಳ ರಂಜಕ ಬಹುಮಟ್ಟಿಗೆ ಫೈಟೇಟ್ ಎಂಬ ರೂಪದಲ್ಲಿದ್ದು, ನಮ್ಮ ಕರುಳು ಅದನ್ನು ಪೂರ್ತಿಯಾಗಿ ಬಿಡಿಸಿಕೊಳ್ಳಲಾರದು. 2011ರಲ್ಲಿ ಅಮೆರಿಕದಲ್ಲಿ ಒಂಬತ್ತು ಮಂದಿ ರೋಗಿಗಳಿಗೆ ಒಂದು ವಾರ ಸಸ್ಯಾಹಾರವನ್ನೂ ಇನ್ನೊಂದು ವಾರ ಮಾಂಸಾಹಾರವನ್ನೂ, ಎರಡರಲ್ಲಿಯೂ ರಂಜಕ ಸಮನಾಗಿರುವಂತೆ ಕೊಟ್ಟು ನೋಡಿದರು. ಸಸ್ಯಾಹಾರದ ವಾರದಲ್ಲಿ ರಕ್ತದ ರಂಜಕವೂ ಎಫ್‌ಜಿಎಫ್ 23ವೂ ಕಡಮೆಯಿದ್ದವು. ಒಂಬತ್ತು ಮಂದಿ ಎಂಬುದು ಚಿಕ್ಕ ಸಂಖ್ಯೆಯೇ ಸರಿ. ಹೆಚ್ಚು ಭಯಪಡಬೇಕಾದುದು ಕಟ್ಟಿ ಮಾರುವ ತಿನಿಸುಗಳಿಗೆ ಬೆರಸುವ ಫಾಸ್ಫೇಟ್ ಲವಣಗಳಿಗೆ; ಅವುಗಳ ರಂಜಕ ಬಹುಪಾಲು ಸಲೀಸಾಗಿ ರಕ್ತಕ್ಕೆ ಸೇರಿಬಿಡುತ್ತದೆ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ 450, 451, 452 ಎಂಬ ಅಂಕಿಗಳಿದ್ದರೆ ಅವು ಈ ಲವಣಗಳೇ.